ಶಂಖಪುಷ್ಪಕ್ಕೆ ಗೊಬ್ಬರಕ್ಕಿಂತ ಕತ್ತರಿ ಬೇಕು

ಬಟಾಣಿ ಕುಟುಂಬದ ಹೂಬಳ್ಳಿ, ಅದೂ ವರ್ಷಗಟ್ಟಲೆ ನಿಲ್ಲುವಂಥದ್ದು ನಮ್ಮ ಕಡೆ ಬೇಕೆಂದರೆ ಶಂಖಪುಷ್ಪವೇ ಸರಿ. ಸ್ವೀಟ್ ಪೀ ಹೂವಿನ ಬಂಧುವಾದ ಯುರೋಪಿನ ಬಹುವಾರ್ಷಿಕ ಲ್ಯಾಥೈರಸ್ ಬಳ್ಳಿಯ ಬೀಜ ಆನ್‌ಲೈನಿನಲ್ಲಿ ಸಿಗುತ್ತದೆ, ಚಿತ್ರ ನೋಡಿದರೆ ಆಸೆಯೂ ಆಗುತ್ತದೆ. ಆದರೆ ಅದು ತಂಪು ಬೇಡುವ ಬಳ್ಳಿ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಅದನ್ನು ಒಡ್ಡುವುದು ಬೇಡ. ಸ್ವೀಟ್ ಪೀ ಇಷ್ಟಪಡುವವರು ಅಕ್ಟೋಬರಿನಲ್ಲಿ ಬಿತ್ತಿ, ಚಳಿಗಾಲದ ಹೂವೆಂದೇ ಬೆಳೆಸಬೇಕು.

ಶಂಖಪುಷ್ಪದ ಬೀಜ ಊರಲು ರೋಹಿಣಿ ಮಳೆಯ ಹೊತ್ತು ಒಳ್ಳೆಯದು, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲ ವಾರ. 6–8 ವಾರಕ್ಕೆ ಹೂ ಶುರುವಾಗುವುದರಿಂದ ಶ್ರಾವಣದ ಪೂಜೆಗೆ ಮನೆಯ ಹೂವೇ ಸಿಗುತ್ತದೆ. ಬೀಜದ ಸಿಪ್ಪೆ ಗಟ್ಟಿ, ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ. ಹಾಗೇ ಊರಿದರೆ ಒಂದು ಈಗ, ಇನ್ನೊಂದು ತಿಂಗಳ ಮೇಲೆ ಮೊಳೆಯುತ್ತದೆ. ಅದಕ್ಕೇ ಬೀಜದ ಕಣ್ಣಿನ ಎದುರು ಬದಿಯನ್ನು ಉಪ್ಪುಕಾಗದದ ಮೇಲೆ ಉಜ್ಜಿ, ಒಳಗಿನ ತಿಳಿಬಣ್ಣ ಕಂಡ ಕೂಡಲೇ ನಿಲ್ಲಿಸಿ, ರಾತ್ರಿಯಿಡೀ ನೀರಿನಲ್ಲಿ ನೆನೆಯಿಡಿ. ಬೆಳಿಗ್ಗೆ ಉಬ್ಬಿದವನ್ನು ಅರ್ಧ ಇಂಚು ಆಳಕ್ಕೆ ಊರಿ. ಉಬ್ಬದಿದ್ದವನ್ನು ಮತ್ತೆ ಉಜ್ಜಿ ನೆನೆಯಿಡಿ.

ತಾಯಿಬೇರು ಆಳಕ್ಕೆ ಇಳಿಯುವುದರಿಂದ ಸಸಿ ಕಿತ್ತು ನೆಡುವುದಕ್ಕಿಂತ ಇರಬೇಕಾದ ಜಾಗದಲ್ಲೇ ಬೀಜ ಹಾಕುವುದು ವಾಸಿ. ಸಾಲಿನಲ್ಲಾದರೆ ಒಂದೂವರೆ ಅಡಿ ಅಂತರ, ದಿನಕ್ಕೆ ಕನಿಷ್ಠ 6 ತಾಸು ಬಿಸಿಲು. ಎರೆಮಣ್ಣಿನಲ್ಲಿ ಬಳ್ಳಿ ಚೆನ್ನಾಗಿಯೇ ಬರುತ್ತದೆ, ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ನಾಲ್ಕಾರು ಇಂಚು ದಿಬ್ಬ ಏರಿಸಿ ಅದರ ಮೇಲೆ ಊರಿ. ಬೆಳಗಾವಿಯ ಜಡಿಮಳೆಗೆ ಈ ದಿಬ್ಬ ಇನ್ನೂ ಮುಖ್ಯ. ಕುಂಡವಾದರೆ 12 ಇಂಚಿಗಿಂತ ಚಿಕ್ಕದು ಬೇಡ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ದಪ್ಪ ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹಾಕಿ. ಬರೀ ಎರೆಮಣ್ಣು ತುಂಬಿದರೆ ಒಣಗಿದಾಗ ಬಿರಿದು ಬೇರು ಹರಿಯುತ್ತದೆ.

ಬಳ್ಳಿ ಹಬ್ಬಲು ನಾರಿನ ಹಗ್ಗ ಅಥವಾ ಬಿದಿರಿನ ಹಂದರ ಕಟ್ಟಿ. ಪಡುವಣ ಗೋಡೆಯ ಕಬ್ಬಿಣದ ಜಾಳಿಗೆ ಬೇಸಿಗೆ ಮಧ್ಯಾಹ್ನ ಕಾದು ಎಳೆಯ ಕುಡಿಯನ್ನು ಸುಡುತ್ತದೆ.

ಇನ್ನು ಗೊಬ್ಬರ. ಹೂ ಕಡಿಮೆಯಾದ ಕೂಡಲೇ ಯೂರಿಯಾ ಹಾಕುವವರೇ ಹೆಚ್ಚು. ಇದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಮೇಲಿಂದ ಮತ್ತೆ ಕೊಟ್ಟರೆ ಎಲೆ ದಟ್ಟವಾಗುತ್ತದೆ, ಹೂ ಬಿಡುವುದಿಲ್ಲ. ವರ್ಷಕ್ಕೆ ಎರಡು ಸಲ ಬುಡಕ್ಕೆ ಒಂದೆರಡು ಬೊಗಸೆ ತಿಪ್ಪೆಗೊಬ್ಬರ ಸಾಕು. ಒಲೆಯ ಬೂದಿ ಮಾತ್ರ ಎರೆಮಣ್ಣಿಗೆ ಬೇಡ. ಆ ಮಣ್ಣಿನಲ್ಲಿ ಮೊದಲೇ ಸುಣ್ಣದಂಶ ಹೆಚ್ಚು, ಬೂದಿ ಅದರ ಕ್ಷಾರವನ್ನು ಇನ್ನೂ ಏರಿಸುತ್ತದೆ.

ಹೂ ನಿಲ್ಲಲು ನಿಜವಾದ ಕಾರಣ ಸಾಮಾನ್ಯವಾಗಿ ಬೇರೆ ಇರುತ್ತದೆ. ಶಂಖಪುಷ್ಪ ಹೂ ಬಿಡುವುದು ಹೊಸ ಕುಡಿಯಲ್ಲಿ. ಕತ್ತರಿಸದ ಬಳ್ಳಿಯ ಬುಡ ಬೋಳಾಗಿ, ತುದಿಯಲ್ಲಿ ನಾಲ್ಕು ಹೂ ಉಳಿಯುತ್ತವೆ. ಸಸಿ ಗೇಣುದ್ದ ಆದಾಗಲೇ ತುದಿ ಚಿವುಟಿ, ಎರಡು ಮೂರು ಕವಲು ಒಡೆಯುತ್ತದೆ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಮೂರನೇ ಒಂದು ಪಾಲು ತೆಗೆಯಿರಿ. ಚಳಿಗೆ ಬಳ್ಳಿ ಮಂಕಾಗುತ್ತದೆ, ಹೆದರಬೇಡಿ. ಚಳಿ ಇಳಿದ ಮೇಲೆ, ಫೆಬ್ರುವರಿ ಸುಮಾರಿಗೆ, ಬುಡದಿಂದ ಒಂದು ಒಂದೂವರೆ ಅಡಿ ಬಿಟ್ಟು ಪೂರ್ತಿ ಕತ್ತರಿಸಿ. ಸುಡುಬೇಸಿಗೆಯಲ್ಲಿ ಇಷ್ಟು ಕಡಿಯಬಾರದು, ನೆರಳಿಲ್ಲದ ಕಾಂಡ ಒಣಗುತ್ತದೆ. ಕಾಯಿಗಳನ್ನೂ ಹಸಿರಿರುವಾಗಲೇ ಕಿತ್ತುಬಿಡಿ. ಬೀಜ ಬಲಿಯಲು ಬಿಟ್ಟರೆ ಬಳ್ಳಿಯ ಶಕ್ತಿ ಅತ್ತ ಹೋಗುತ್ತದೆ. ಬೀಜಕ್ಕೆಂದು ಏಳೆಂಟು ಕಾಯಿ ಉಳಿಸಿ, ಕಂದಾಗಿ ಒಣಗಿದ ಮೇಲೆ, ಸಿಡಿಯುವ ಮೊದಲು ಬಿಡಿಸಿಕೊಳ್ಳಿ.

ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಎಲೆಯಂಚು ಸುಟ್ಟು, ಕುಂಡದ ಮೇಲೆ ಬಿಳಿ ಪದರ ಕಟ್ಟಿದರೆ ಅದು ಬೋರಿನ ಸವಳು ನೀರಿನ ಕೆಲಸ. ತಿಂಗಳಿಗೊಮ್ಮೆ ಸಿಹಿನೀರನ್ನು ತಳದ ತೂತಿನಿಂದ ಹರಿದುಹೋಗುವಷ್ಟು ಹಾಕಿ ತೊಳೆಯಿರಿ. ಬೇಸಿಗೆಯಲ್ಲಿ ಎಲೆಯ ಮೇಲೆ ಬಿಳಿ ಚುಕ್ಕೆ, ಕೆಳಗೆ ಸಣ್ಣ ಬಲೆ ಕಂಡರೆ ಕೆಂಪು ನುಸಿ. ಬೆಳಿಗ್ಗೆ ಎಲೆಯ ಕೆಳಬದಿಗೆ ಪೈಪಿನಿಂದ ಜೋರಾಗಿ ನೀರು ಹೊಡೆದರೆ ಅರ್ಧ ಹೋಗುತ್ತದೆ. ಉಳಿದುದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 1 ಮಿಲಿ ದ್ರವ ಸಾಬೂನು ಬೆರೆಸಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಬುಡಕ್ಕೆ ಕಬ್ಬಿನ ರವದಿ ಅಥವಾ ಜೋಳದ ಕಣಿಕೆಯ ಚೂರು ಮುಚ್ಚಿದರೆ ಮಣ್ಣಿನ ತಂಪು ಉಳಿಯುತ್ತದೆ.

ಹೂ ಅರಳಿದ ಮರುದಿನಕ್ಕೆ ಮುದುಡುತ್ತದೆ, ಬೆಳಿಗ್ಗೆಯೇ ಬಿಡಿಸಿಕೊಳ್ಳಬೇಕು. ನೀಲಿ ಚಹಾಕ್ಕಾದರೆ ನೆರಳಲ್ಲಿ ಒಣಗಿಸಿ. ಚಹಾಕ್ಕೆ ಬಳಸುವುದು ಹೂವನ್ನು ಮಾತ್ರ. ಬೀಜ ಮತ್ತು ಬೇರಿಗೆ ಭೇದಿ ಮಾಡಿಸುವ ಗುಣವಿದೆ, ಕಾಯಿ ಸಣ್ಣ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.