25 ಮೈಕ್ರಾನ್ ಎಂದರೆ ಯಾವ 25?

ನನ್ನ ಹಳೆಯ ಬುಲೆಟ್ ದಾರಿಯಲ್ಲಿ ಎರಡು ಸಲ ಕೈಕೊಟ್ಟ ಕಥೆ ಇದು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಡಿಕಂಪ್ರೆಸರ್‌ನದು (ಕಿಕ್ ಹಗುರಾಗಲೆಂದು ಎಕ್ಸಾಸ್ಟ್ ವಾಲ್ವನ್ನು ತುಸು ಎತ್ತಿಹಿಡಿಯುವ ಸನ್ನೆಯದು) ಏನೂ ತಪ್ಪಿರಲಿಲ್ಲ. ಎರಡು ಭಾನುವಾರ ಅದರ ವಂಶವನ್ನೆಲ್ಲ ಜಾಲಾಡಿದ್ದು ವ್ಯರ್ಥವಾಯಿತು.

ಬೈಕು 1986ರ ಬುಲೆಟ್ 350. ವಾಲ್ವ್ ಜಾರುವ ಕೊಳವೆಯಾದ ಗೈಡ್ ಬದಲಿಸಿದ್ದು, ವಾಲ್ವ್ ಕೂರುವ ಸೀಟ್ ಕತ್ತರಿಸಿದ್ದು, ಎರಡನ್ನೂ ಉಜ್ಜಿ ಹೊಂದಿಸುವ ಲ್ಯಾಪಿಂಗ್ ಮಾಡಿದ್ದು ಎಲ್ಲ ಮಾಮೂಲಿ ರಿಪೇರಿಯ ಕಥೆಯೇ. ಕಾಡಿದ್ದು ಉರಿದ ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 21-4ಎನ್ (ವಾಲ್ವ್‌ಗೆ ಬಳಸುವ ಒಂದು ಬಗೆಯ ಉಕ್ಕು) ಎಂದು ಹೇಳಿ ಕೊಟ್ಟ ಮೂರು ವಾಲ್ವ್‌ಗಳಲ್ಲಿ ಎರಡರ ತಲೆಗೆ ಅಯಸ್ಕಾಂತ ಗಟ್ಟಿಯಾಗಿ ಅಂಟಿಕೊಂಡಿತು. ಆ ಉಕ್ಕಿಗೆ ಅಂಟಬಾರದಲ್ಲ ಎಂದರೆ, ನಿಮ್ಮ ಅಯಸ್ಕಾಂತವೇ ಸರಿಯಿಲ್ಲ ಎಂದ ಅಂಗಡಿಯವನು. ಮೂರನೆಯದು ಅಸಲಿ; ಆದರೆ ಗೈಡ್‌ನಲ್ಲಿ ಜಾರುವ ಕಾಂಡಕ್ಕೆ ಕ್ರೋಮ್ ಲೇಪ ಇರಲಿಲ್ಲ. ಬರಿಯ 21-4ಎನ್ ಶಾಖವನ್ನು ಚೆನ್ನಾಗಿ ತಾಳುತ್ತದೆ, ಆದರೆ ಬೀಡುಕಬ್ಬಿಣದ ಗೈಡ್‌ನಲ್ಲಿ ಉಜ್ಜುವಾಗ ಕಚ್ಚಿಕೊಳ್ಳುತ್ತದೆ. ಹಾಗಾಗಿ ಪೀಣ್ಯದ ಒಂದು ಪ್ಲೇಟಿಂಗ್ ಶೆಡ್ಡಿಗೆ ಒಯ್ದು, "25 ಮೈಕ್ರಾನ್ ಹಾರ್ಡ್ ಕ್ರೋಮ್" ಎಂದು ಹೇಳಿ ಬಂದೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು).

ವಾಲ್ವ್ ಬಂತು, ಗೈಡ್‌ಗೆ ಹಾಕಿದರೆ ಬೆಣ್ಣೆಯಂತೆ ಜಾರಿತು. ಆ ಖುಷಿಯಲ್ಲಿ ದಪ್ಪ ಅಳೆಯುವ ಮೈಕ್ರೋಮೀಟರನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ.

ನೆಲಮಂಗಲ ದಾಟುತ್ತಿದ್ದಂತೆ ಸೈಲೆನ್ಸರ್‌ನಲ್ಲಿ ಒಂದು ಢಂ, ಇಂಜಿನ್ ಬಂದ್. ಕಿಕ್ಕರ್ ತುಳಿದರೆ ಕಂಪ್ರೆಷನ್ನೇ (ಸಿಲಿಂಡರಿನೊಳಗಿನ ಒತ್ತಡವೇ) ಇಲ್ಲ. ಅರ್ಧ ಗಂಟೆ ಎಳನೀರು ಕುಡಿದು ಬಂದು ತುಳಿದರೆ ಮೊದಲ ಒದೆತಕ್ಕೇ ಚಾಲೂ! ಡಿಕಂಪ್ರೆಸರ್ ಕೇಬಲ್ ಸಿಕ್ಕಿಕೊಳ್ಳುತ್ತಿದೆ ಎಂದುಕೊಂಡು ಬದಲಿಸಿದೆ. ಮುಂದಿನ ವಾರ ಹೆಚ್ಚುಕಡಿಮೆ ಅದೇ ಜಾಗ, ಅದೇ ಢಂ, ಅದೇ ಎಳನೀರಿನವನ ನಗು.

ಕೊನೆಗೆ ಹೆಡ್ ಬಿಚ್ಚಿದಾಗ ಗುಟ್ಟು ಸಿಕ್ಕಿತು. ಕಾಂಡದ ಮೇಲ್ತುದಿಯಲ್ಲಿ ಸ್ಪ್ರಿಂಗ್ ಹಿಡಿದಿಡುವ ಕಾಲೆಟ್ ಕೂರುವ ತೋಡಿನ ಕೆಳಗೆ, ವಾಲ್ವ್ ತೆರೆದಾಗ ಮಾತ್ರ ಗೈಡ್‌ನೊಳಗೆ ಇಳಿಯುವ ಭಾಗದಲ್ಲಿ, ಉಜ್ಜಿದ ಗೀರುಗಳಿದ್ದವು. ಅಳೆದೆ. ನಾನು ಕೇಳಿದ್ದು ವ್ಯಾಸದಲ್ಲಿ 25, ಅವನು ಹಾಕಿದ್ದು ಒಂದೊಂದು ಬದಿಗೂ 25. ಅಂದರೆ ವ್ಯಾಸ 50 ದಪ್ಪವಾಗಿ, ಕಾಂಡಕ್ಕೂ ಗೈಡ್‌ಗೂ ನಡುವೆ 60 ಇರಬೇಕಿದ್ದ ಸಡಿಲ 35ಕ್ಕೆ ಇಳಿದಿತ್ತು. ಇನ್ನು ಶಾಖದ ಲೆಕ್ಕ: 21-4ಎನ್ ಬೀಡುಕಬ್ಬಿಣಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತದೆ. ಕಾಂಡ 300 ಡಿಗ್ರಿ, ಗೈಡ್ 200 ಡಿಗ್ರಿ ಏರಿತೆಂದು ಇಟ್ಟುಕೊಂಡರೂ 25ರಿಂದ 30 ಮೈಕ್ರಾನ್ ಅಲ್ಲಿಯೇ ಖರ್ಚು. ಸಾಲದ್ದಕ್ಕೆ ಪ್ಲೇಟಿಂಗ್ ತೊಟ್ಟಿಯಲ್ಲಿ ವಿದ್ಯುತ್ತು ಅಂಚುಗಳಿಗೇ ಹೆಚ್ಚು ಮುತ್ತುವುದರಿಂದ ಮೇಲ್ತುದಿ ಇನ್ನೂ 10 ಮೈಕ್ರಾನ್ ಕೊಬ್ಬಿತ್ತು. ಬಿಸಿಯಾದಾಗ ಉಳಿಯುವುದು ಏನು? ವಾಲ್ವ್ ತೆರೆದು, ಬೆಣೆ ಹೊಡೆದಂತೆ ಅಲ್ಲೇ ನಿಲ್ಲುತ್ತಿತ್ತು.

ಗೈಡ್‌ಗೇ ರೀಮರ್ ಹಾಕಿ ರಂಧ್ರ ದೊಡ್ಡದು ಮಾಡು ಎಂದ ಗೆಳೆಯ. ಮುಂದೆ ಹಾಕುವ ಪ್ರತಿ ವಾಲ್ವೂ ಆಗ ಲಟಪಟ ಎನ್ನುತ್ತದೆ, ಬೇಡ ಎಂದೆ. ಅದೇ ಶೆಡ್ಡಿಗೆ ಹೋಗಿ ಜಗಳವಾಡಿ, ಹಳೆಯ ಕ್ರೋಮ್ ತೆಗೆಸಿದೆ. ಕಾಸ್ಟಿಕ್ ಸೋಡಾದಲ್ಲಿ ವಿದ್ಯುತ್ತನ್ನು ತಿರುಗಿಸಿ ತೆಗೆಯುವ ಕೆಲಸ ಅದು. ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ. ಕರಗಿ ಬರುವ ಕ್ರೋಮಿಯಂ ಕ್ಯಾನ್ಸರ್ ತರುವ ಜಾತಿಯದು. ಈ ಸಲ ಬಾಯಿಮಾತಿಲ್ಲ. ಪಾಲಿಶ್ ಮುಗಿದ ಮೇಲೆ ಇರಬೇಕಾದ ವ್ಯಾಸವನ್ನೇ ಚೀಟಿಯಲ್ಲಿ ಬರೆದೆ. ಕಾಲೆಟ್ ತೋಡಿಗೆ ಮೇಣ ಮುಚ್ಚಿಸಿ, ಹೆಚ್ಚುವರಿ ವಿದ್ಯುತ್ತನ್ನು ಕದಿಯಲೆಂದು ಆ ತುದಿಯ ಹತ್ತಿರ ತಾಮ್ರದ ತಂತಿ ಸುತ್ತಿಸಿದೆ. ಮೂರು ಕಡೆ ಅಳೆದರೆ 3 ಮೈಕ್ರಾನ್ ವ್ಯತ್ಯಾಸ. ತುಮಕೂರಿಗೆ ಮೂರು ಬಾರಿ ಹೋಗಿಬಂದೆ, ಎಳನೀರಿನವನಿಗೆ ವ್ಯಾಪಾರವಿಲ್ಲ.

ಮೂಲೆಯಲ್ಲಿ ನಿಂತಿರುವ ಮೈಸೂರಿನ ಯೆಜ್ಡಿ ಇದನ್ನೆಲ್ಲ ನೋಡಿ ನಕ್ಕಿರಬೇಕು. ಎರಡು ಸ್ಟ್ರೋಕ್‌ನವರಿಗೆ ವಾಲ್ವೇ ಇಲ್ಲ, ಚಿಂತೆ ಎಲ್ಲಿಯದು?

ಮುಂದಿನ ಹುಚ್ಚು, ಸೀಟಿಗೆ ತಾಗುವ ವಾಲ್ವ್ ಮುಖಕ್ಕೆ ಸ್ಟೆಲೈಟ್ 6 (ಕೋಬಾಲ್ಟಿನ ಗಡಸು ಮಿಶ್ರಲೋಹ) ಹಾಕುವುದು. ಸೀಸದ ಪೆಟ್ರೋಲ್ 2000ದಲ್ಲಿ ದೇಶದಿಂದ ಹೋಯಿತು. ಮುಖಕ್ಕೂ ಸೀಟಿಗೂ ನಡುವೆ ಮೆತ್ತೆಯಂತಿದ್ದ ಸೀಸದ ಪದರವೂ ಅದರೊಂದಿಗೇ ಹೋಯಿತು. ಗ್ಯಾಸ್ ಜ್ವಾಲೆಯಲ್ಲಿ ಅಸಿಟಲೀನ್ ಹೆಚ್ಚಿಟ್ಟು, ಉಕ್ಕಿನ ಮೇಲ್ಮೈ ಬೆವರುವಷ್ಟೇ ಕಾಯಿಸಿ ಸ್ಟೆಲೈಟ್ ಸರಳನ್ನು ಕರಗಿಸಬೇಕು. ಜಾಸ್ತಿ ಕಾಯಿಸಿದರೆ ಕಬ್ಬಿಣ ಬೆರೆತು ಗಡಸುತನ ಕೆಡುತ್ತದೆ. ನನಗೆ ಬೇಕಿರುವುದು ಒಂದೇ ಸರಳು. ಮಾರುವವನು ಕಟ್ಟು ಕೊಳ್ಳದೆ ಕೊಡುವುದಿಲ್ಲವಂತೆ. ಪಾಲು ಹಂಚಿಕೊಳ್ಳುವವರು ಯಾರಾದರೂ ಇದ್ದೀರಾ?