ರಾತ್ರಿ ಎರಡು ಗಂಟೆಗೆ ನನ್ನ ಜೊತೆ ಯಾರು ಬರುತ್ತಾರೆ?

ನಮ್ಮ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಗೆ ಒಬ್ಬ ಹೃದ್ರೋಗ ತಜ್ಞರನ್ನು ನೇಮಿಸಿಕೊಳ್ಳುವ ಕೆಲಸದಲ್ಲಿ ಜನರಲ್ ಮೆಡಿಸಿನ್ ವಿಭಾಗದ ಪರವಾಗಿ ನಾನು ಮೂರು ವರ್ಷಗಳಿಂದ ತೊಡಗಿಕೊಂಡಿದ್ದೇನೆ. ಇಷ್ಟರಲ್ಲಿ ಮೂರು ಸಲ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ನೇರ ಸಂದರ್ಶನ ಕರೆದಿದ್ದೆವು. ಮೊದಲ ಎರಡು ಸಲ ಯಾರೂ ಬರಲಿಲ್ಲ. ಮೂರನೆಯ ಸಲ ಒಬ್ಬರು ಬಂದರು. ಅವರು ಬಂದು ಹೋದ ಮೇಲೆ, ಕೊರತೆ ಇದ್ದದ್ದು ಅರ್ಜಿದಾರರಲ್ಲಲ್ಲ, ನಮ್ಮ ಪ್ರಕಟಣೆಯಲ್ಲಿಯೇ ಎಂಬುದು ನನಗೆ ಮನದಟ್ಟಾಯಿತು.

ಅಂದು ಡೀನ್ ಅವರ ಕೊಠಡಿಯ ಪಕ್ಕದ ಸಭಾಂಗಣದಲ್ಲಿ ನಾವು ಐವರು ಕುಳಿತಿದ್ದೆವು. ಮೂಲ ದಾಖಲೆಗಳ ಪರಿಶೀಲನೆ ಹತ್ತು ನಿಮಿಷದಲ್ಲಿ ಮುಗಿಯಿತು. ವೇತನ, ವಸತಿಗೃಹ, ರಜೆಯ ನಿಯಮಗಳನ್ನೆಲ್ಲ ವಿವರಿಸಿದ ಡೀನ್ ಅವರು, “ಡಾಕ್ಟರೇ, ತಾವು ಏನಾದರೂ ಕೇಳುವುದಿದೆಯೇ?” ಎಂದರು. ಅಭ್ಯರ್ಥಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಸಂಬಳದ ವಿಚಾರ ಆಮೇಲೆ ಮಾತಾಡೋಣ. ರಾತ್ರಿ ಎರಡು ಗಂಟೆಗೆ ಹಾರ್ಟ್ ಅಟ್ಯಾಕ್ ಕೇಸ್ ಬಂತು ಅಂತ ಇಟ್ಟುಕೊಳ್ಳಿ. ಫೋನ್ ಬಂದ ಹದಿನೈದು ನಿಮಿಷದಲ್ಲಿ ನಾನು ಬರುತ್ತೇನೆ. ನನ್ನ ಜೊತೆ ಯಾರು ಬರುತ್ತಾರೆ?” ಎಂದು ಕೇಳಿದರು. ಹೃದಯದ ರಕ್ತನಾಳಗಳನ್ನು ಪರೀಕ್ಷಿಸಿ ಅಡ್ಡಿ ತೆರವುಗೊಳಿಸುವ ಕೊಠಡಿಯಾದ ಕ್ಯಾಥ್ ಲ್ಯಾಬ್‌ನ ತಂತ್ರಜ್ಞರು ಹೊರಗುತ್ತಿಗೆಯವರು, ಅವರ ಕೆಲಸದ ಅವಧಿ ಸಂಜೆ ಐದಕ್ಕೆ ಮುಗಿಯುತ್ತದೆ. ಆ ಕೆಲಸದಲ್ಲಿ ತರಬೇತಿ ಪಡೆದ ಶುಶ್ರೂಷಕಿ ಇದ್ದದ್ದು ಒಬ್ಬರೇ. ನಮ್ಮ ಐವರಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಲ್ಯಾಬ್ ನೋಡಬೇಕೆಂದು ಅವರು ಕೇಳಿಕೊಂಡಾಗ ನಾನೇ ಕರೆದುಕೊಂಡು ಹೋದೆ. ಬೀಗದ ಕೈ ಉಗ್ರಾಣದ ಗುಮಾಸ್ತರ ಬಳಿ ಇತ್ತು. ಅವರು ಊಟಕ್ಕೆ ಹೋಗಿದ್ದರಿಂದ ನಾವು ಬಾಗಿಲ ಮುಂದೆ ಸ್ವಲ್ಪ ಹೊತ್ತು ಕಾಯಬೇಕಾಯಿತು. ಒಳಗೆ ಯಂತ್ರ ಹೊಸದಾಗಿಯೇ ಇತ್ತು. ಅವರು ಯಂತ್ರದ ಕಡೆ ಹೆಚ್ಚು ನೋಡಲಿಲ್ಲ, ಕಪಾಟು ತೆರೆದರು. ಕ್ಷಕಿರಣದಿಂದ ಮೈಯನ್ನು ಕಾಯುವ ಸೀಸದ ಏಪ್ರನ್‌ಗಳನ್ನು ಯಾರೋ ಬೆಡ್‌ಶೀಟಿನಂತೆ ಮಡಚಿ ಒಂದರ ಮೇಲೊಂದು ಒಟ್ಟಿದ್ದರು. ಅವರು ಒಂದನ್ನು ಬಿಡಿಸಿ, ಮಡಿಕೆ ಬಿದ್ದ ಗೆರೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿ, ಪುನಃ ಮಡಚದೆ ಕುರ್ಚಿಯ ಬೆನ್ನಿಗೆ ಇಳಿಬಿಟ್ಟರು. ಮಡಚಿಟ್ಟ ಸೀಸದ ಹಾಳೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಆ ಬಿರುಕಿನಿಂದ ಕಿರಣ ಒಳಗೆ ಬರುತ್ತದೆ, ಆದ್ದರಿಂದ ಏಪ್ರನ್ನನ್ನು ಯಾವಾಗಲೂ ಸ್ಟ್ಯಾಂಡಿಗೆ ತೂಗುಹಾಕಬೇಕು ಎಂಬುದು ಕ್ಯಾಥ್ ಲ್ಯಾಬಿನಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮಲ್ಲಿ ಅದನ್ನು ಹೇಳಿಕೊಡುವವರೇ ಇರಲಿಲ್ಲ. ಹತ್ತು ದಿನಗಳ ನಂತರ, ತಮಗೆ ಬರಲಾಗುವುದಿಲ್ಲವೆಂದು ಅವರು ಬಹಳ ಗೌರವದಿಂದ ಪತ್ರ ಬರೆದರು.

ಸಣ್ಣ ಊರಿಗೆ ಹೃದ್ರೋಗ ತಜ್ಞರು ಬಾರದಿರುವುದಕ್ಕೆ ದುಡ್ಡೇ ಕಾರಣ ಎಂಬ ಮಾತು ನಮ್ಮ ಆಡಳಿತ ಕಚೇರಿಯಲ್ಲಿ ಪದೇ ಪದೇ ಕೇಳಿಬರುತ್ತದೆ. ದುಡ್ಡಿನ ಪ್ರಶ್ನೆ ಇದೆ, ಇಲ್ಲವೆನ್ನುವುದಿಲ್ಲ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಹೌಸ್ ಸರ್ಜನ್ ಆಗಿ 1 ವರ್ಷ, ಎಂಡಿ 3 ವರ್ಷ, ನಂತರ ಹೃದ್ರೋಗದ ಉನ್ನತ ಪದವಿಯಾದ ಡಿಎಂ 3 ವರ್ಷ. ಪ್ರವೇಶ ಪರೀಕ್ಷೆಗಳ ನಡುವೆ ಒಂದು ದಿನವೂ ವ್ಯರ್ಥವಾಗದಿದ್ದರೂ ಒಟ್ಟು ಹನ್ನೊಂದೂವರೆ ವರ್ಷಗಳ ಓದು ಇದು. ಅಷ್ಟು ಓದಿ ಹೊರಬಂದವರಿಗೆ ಮಹಾನಗರದ ಖಾಸಗಿ ಆಸ್ಪತ್ರೆಗಳು ಕೊಡುವ ಸಂಬಳದ ಹತ್ತಿರಕ್ಕೂ ಸಹಾಯಕ ಪ್ರಾಧ್ಯಾಪಕರ ವೇತನ ಬರುವುದಿಲ್ಲ. ಆದರೂ ಇದೇ ಊರಿನಲ್ಲಿ, ಇದೇ ವೇತನಕ್ಕೆ, ಇಪ್ಪತ್ತು ವರ್ಷಗಳಿಂದ ದುಡಿಯುತ್ತಿರುವ ಶಸ್ತ್ರಚಿಕಿತ್ಸಕರು, ಮಕ್ಕಳ ತಜ್ಞರು ನಮ್ಮಲ್ಲಿದ್ದಾರೆ. ಅವರಿಗೆ ರಾತ್ರಿಯ ಕರೆಯನ್ನು ಹಂಚಿಕೊಳ್ಳುವ ಸಹೋದ್ಯೋಗಿಗಳಿದ್ದಾರೆ, ಕೈಕೆಳಗೆ ಪಿಜಿ ವಿದ್ಯಾರ್ಥಿಗಳಿದ್ದಾರೆ, ಕೈ ಚಾಚಿದರೆ ಬೇಕಾದ ಉಪಕರಣ ಕೊಡುವ ಸಿಸ್ಟರ್ ಇದ್ದಾರೆ. ಹೃದ್ರೋಗ ತಜ್ಞರಿಗೆ ಮಾತ್ರ ನಾವು ಒಂದೇ ಒಂದು ಹುದ್ದೆ ತೋರಿಸಿ, ವರ್ಷದ 365 ರಾತ್ರಿಗಳನ್ನೂ ಒಬ್ಬರ ತಲೆಯ ಮೇಲೆ ಹೊರಿಸಲು ಹೊರಟಿದ್ದೆವು. ಬುದ್ಧಿಯಿರುವ ಯಾರೂ ಅದಕ್ಕೆ ಒಪ್ಪಲಾರರು, ಒಪ್ಪಲೂಬಾರದು.

ಇಲ್ಲಿ ನಿಯಮದ ಮಾತೊಂದನ್ನೂ ಹೇಳಬೇಕು. ಎಂಬಿಬಿಎಸ್ ಕಾಲೇಜಿನ ಮಾನ್ಯತೆಗೆ ಹೃದ್ರೋಗ ವಿಭಾಗ ಕಡ್ಡಾಯವಲ್ಲ. ಅಂಗರಚನಾ ಶಾಸ್ತ್ರದಲ್ಲಿಯೋ ಶರೀರಕ್ರಿಯಾ ಶಾಸ್ತ್ರದಲ್ಲಿಯೋ ಬೋಧಕರು ಕಡಿಮೆಯಾದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಕೊರತೆಯೆಂದು ಲೆಕ್ಕ ಹಾಕುತ್ತದೆ. ಕಾಲೇಜು ತರಾತುರಿಯಿಂದ ಆ ಹುದ್ದೆಗಳನ್ನು ತುಂಬುತ್ತದೆ. ಹೃದ್ರೋಗ ತಜ್ಞರ ಕುರ್ಚಿ ಎಷ್ಟು ವರ್ಷ ಖಾಲಿ ಬಿದ್ದಿದ್ದರೂ ಯಾವ ವರದಿಯಲ್ಲಿಯೂ ಕೆಂಪು ಗೆರೆ ಬೀಳುವುದಿಲ್ಲ. ಬೋಧಕರಿಲ್ಲದೆ ಡಿಎಂ ಸೀಟು ಸಿಗುವುದಿಲ್ಲ. ಡಿಎಂ ಓದಿಸದ ಊರಿನಲ್ಲಿ ಮುಂದಿನ ಬೋಧಕರು ತಯಾರಾಗುವುದಿಲ್ಲ.

ಒಬ್ಬ ಹೃದ್ರೋಗ ತಜ್ಞನನ್ನು ಬೋಧಕ ಆಸ್ಪತ್ರೆಯೊಂದು ಕರೆಸಿಕೊಳ್ಳುವುದೆಂದರೆ ಏನು ಎಂದು ಯೋಚಿಸುವಾಗಲೆಲ್ಲ ನನಗೆ ಆಂಡ್ರಿಯಾಸ್ ಗ್ರುಂಟ್ಸಿಗ್ ನೆನಪಾಗುತ್ತಾರೆ. ಅಡುಗೆಮನೆಯ ಮೇಜಿನ ಮೇಲೆ ತಮ್ಮ ಕೈಯಾರೆ ಬಲೂನ್ ಕ್ಯಾಥೆಟರ್ (ತುದಿಯಲ್ಲಿ ಬಲೂನಿರುವ, ರಕ್ತನಾಳದೊಳಗೆ ತೂರಿಸುವ ತೆಳು ನಳಿಕೆ) ತಯಾರಿಸಿ, 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ, ಎಚ್ಚರವಿದ್ದ ರೋಗಿಯ ಹೃದಯದ ರಕ್ತನಾಳವನ್ನು ಮೊದಲ ಬಾರಿಗೆ ಬಲೂನಿನಿಂದ ಹಿಗ್ಗಿಸಿದವರು ಅವರು. ಇಂದು ತಾಲ್ಲೂಕು ಮಟ್ಟದ ಜನರ ಬಾಯಲ್ಲೂ ಇರುವ ಹೃದಯದ ಆಂಜಿಯೋಪ್ಲಾಸ್ಟಿ ಶುರುವಾದದ್ದು ಆ ಬಲೂನಿನಿಂದ. ಅಷ್ಟು ದೊಡ್ಡ ಕೆಲಸ ಮಾಡಿದವರಿಗೂ ಜ್ಯೂರಿಕ್‌ನಲ್ಲಿ ಬೇಕಾದಷ್ಟು ಹಾಸಿಗೆಗಳೂ ಲ್ಯಾಬಿನ ಸಮಯವೂ ಸಿಗುತ್ತಿರಲಿಲ್ಲ. 1980ರಲ್ಲಿ ಅವರು ಅಮೆರಿಕದ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ವಿಲ್ಲಿಸ್ ಹರ್ಸ್ಟ್ ಅವರಂಥ ಮೆಡಿಸಿನ್ ವಿಭಾಗದ ಮುಖ್ಯಸ್ಥರಿದ್ದರು, ಸ್ಪೆನ್ಸರ್ ಕಿಂಗ್ ಅವರಂಥ ನುರಿತ ಸಹೋದ್ಯೋಗಿ ಇದ್ದರು. ತಾವು ಮಾಡುತ್ತಿರುವುದನ್ನು ಪರದೆಯ ಮೇಲೆ ನೇರವಾಗಿ ತೋರಿಸುತ್ತ ನೂರಾರು ವೈದ್ಯರಿಗೆ ಪಾಠ ಹೇಳುವ ಪದ್ಧತಿಯನ್ನು ಅವರು ಜ್ಯೂರಿಕ್‌ನಲ್ಲಿ ಶುರು ಮಾಡಿದ್ದರು. ಅಟ್ಲಾಂಟಾದಲ್ಲಿ ಅದು ವಿಸ್ತಾರವಾಗಿ ಬೆಳೆಯಿತು. 1985ರ ಅಕ್ಟೋಬರಿನಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 46 ವರ್ಷ. ಐದೇ ವರ್ಷಗಳಲ್ಲಿ ಅವರು ಅಷ್ಟೊಂದು ಜನರಿಗೆ ಕಲಿಸಿ ಹೋಗಲು ಸಾಧ್ಯವಾದದ್ದು, ಕರೆಸಿಕೊಂಡವರು ಕೆಲಸಕ್ಕೆ ತಕ್ಕ ಜಾಗವನ್ನೂ ಜೊತೆಗಾರರನ್ನೂ ಕೊಟ್ಟಿದ್ದರಿಂದ ಎಂದು ನಾನು ನಂಬುತ್ತೇನೆ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಮೈಸೂರು ಮತ್ತು ಕಲಬುರಗಿಯ ಅದರ ಶಾಖೆಗಳು ಬಡವರ ಪಾಲಿಗೆ ಎಂಥ ಆಸರೆಯಾಗಿವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ನಿಧನರಾದ ಮೇಲೆ ಅವರ ಹೆಸರಿನಲ್ಲಿ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಿಂದಾಗಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಿದ್ದಾರೆ. ಇದು ನಿಜಕ್ಕೂ ಜೀವ ಉಳಿಸುವ ಕೆಲಸ. ಆದರೆ ಚುಚ್ಚುಮದ್ದಿಗೆ ಚಿಕಿತ್ಸೆ ಮುಗಿಯುವುದಿಲ್ಲ. ಹೆಪ್ಪು ಕರಗಿದವರಿಗೂ 24 ಗಂಟೆಯೊಳಗೆ ಆಂಜಿಯೋಗ್ರಾಂ, ಅಂದರೆ ಹೃದಯದ ರಕ್ತನಾಳಗಳ ಕ್ಷಕಿರಣ ಪರೀಕ್ಷೆ, ಆಗಬೇಕು. ಕರಗದವರಿಗೆ ತಕ್ಷಣವೇ ಆಂಜಿಯೋಪ್ಲಾಸ್ಟಿ ಆಗಬೇಕು. ತಾಲ್ಲೂಕಿಗೂ ಮಹಾನಗರಕ್ಕೂ ನಡುವೆ ಇರುವ ನಮ್ಮಂಥ ಬೋಧಕ ಆಸ್ಪತ್ರೆ ನಿಲ್ಲಬೇಕಾದ ಸ್ಥಳ ಇದೇ.

ಕಳೆದ ವರ್ಷದ ಒಂದು ಬೆಳಗಿನ ಜಾವ ಐವತ್ತೆರಡು ವರ್ಷದ ರೈತರೊಬ್ಬರನ್ನು ಕರೆತಂದಿದ್ದರು. ಡ್ಯೂಟಿಯಲ್ಲಿದ್ದ ಪಿಜಿ ವಿದ್ಯಾರ್ಥಿನಿ ಇಸಿಜಿಯನ್ನು ಮೊಬೈಲ್‌ನಲ್ಲಿ ನನಗೆ ಕಳುಹಿಸಿ, ನಾನು ಹೇಳುವ ಮೊದಲೇ ಚುಚ್ಚುಮದ್ದನ್ನು ತಯಾರು ಮಾಡಿಟ್ಟುಕೊಂಡಿದ್ದಳು. ತೊಂಬತ್ತು ನಿಮಿಷ ಕಳೆದು ಮತ್ತೆ ಇಸಿಜಿ ತೆಗೆದಾಗ ಮೇಲೆದ್ದಿದ್ದ ಗೆರೆ ಇಳಿದಿರಲಿಲ್ಲ, ಎದೆನೋವೂ ನಿಂತಿರಲಿಲ್ಲ, ಅಂದರೆ ಹೆಪ್ಪು ಕರಗಿರಲಿಲ್ಲ. ಆಂಬುಲೆನ್ಸ್ ಹತ್ತಿಸಿ ಮೂರು ಗಂಟೆ ದಾರಿಯ ನಗರಕ್ಕೆ ಕಳುಹಿಸಿದೆವು. ಸ್ಟ್ರೆಚರ್ ತಳ್ಳಿಕೊಂಡು ಹೋಗುವ ದಾರಿ ನಮ್ಮ ಕ್ಯಾಥ್ ಲ್ಯಾಬಿನ ಬೀಗ ಹಾಕಿದ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ಅವರ ಹೆಂಡತಿ ಬಾಗಿಲ ಮೇಲಿನ ಫಲಕವನ್ನು ಓದಿ, “ಹೃದಯದ್ದು ಇಲ್ಲೇ ಐತಲ್ಲ ಸ್ವಾಮಿ, ಮತ್ತೆ ಯಾಕೆ ಅಷ್ಟು ದೂರ?” ಎಂದು ಕೇಳಿದರು. ಆ ರೈತರು ಬದುಕಿ ಉಳಿದರು. ಈಗಲೂ ನಮ್ಮ ಒಪಿಡಿಗೆ ಬರುತ್ತಾರೆ. ತಡವಾಗಿದ್ದರಿಂದ ಹೃದಯದ ಸ್ನಾಯು ಬಹಳಷ್ಟು ಸತ್ತುಹೋಗಿದೆ. ಹೊಲದ ಬದುವಿನವರೆಗೆ ನಡೆದರೆ ಏದುಸಿರು ಬರುತ್ತದೆ ಎನ್ನುತ್ತಾರೆ.

ರೋಗಿಗಳ ನಷ್ಟ ಎಲ್ಲರ ಕಣ್ಣಿಗೆ ಬೀಳುತ್ತದೆ, ವಿದ್ಯಾರ್ಥಿಗಳ ನಷ್ಟ ಅಷ್ಟು ಬೇಗ ಕಾಣುವುದಿಲ್ಲ. ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾದ ಹುಡುಗಿಯರು ನಮ್ಮ ವಾರ್ಡಿಗೆ ಇವತ್ತಿಗೂ ಬರುತ್ತಾರೆ. ರೋಗಿಯನ್ನು ಎಡಕ್ಕೆ ಹೊರಳಿಸಿ, ಉಸಿರು ಹೊರಬಿಟ್ಟು ಹಿಡಿಯಲು ಹೇಳಿ, ಸ್ಟೆತಸ್ಕೋಪಿನ ಬೆಲ್ ಭಾಗವನ್ನು ಹೃದಯದ ತುದಿಯ ಮೇಲೆ ಹಗುರವಾಗಿ ಇಟ್ಟರೆ, ದೂರದ ಗುಡುಗಿನಂಥ ತಗ್ಗಿದ ಸದ್ದೊಂದು ಕೇಳುತ್ತದೆ. ಒತ್ತಿ ಹಿಡಿದರೆ ಅದು ಮಾಯವಾಗುತ್ತದೆ. ನಾನು ಅದನ್ನು ಕಲಿಸುತ್ತೇನೆ. ಆದರೆ ಕೇಳಿಸಿಕೊಂಡದ್ದನ್ನು ಆಗಲೇ ಎಕೋ (ಹೃದಯದ ಅಲ್ಟ್ರಾಸೌಂಡ್) ಪರದೆಯ ಮೇಲೆ ತೋರಿಸಿ, ಮಾರನೆಯ ದಿನ ಬಲೂನಿನಿಂದ ಅದೇ ಕವಾಟವನ್ನು ಅಗಲಿಸಿ, ಮೂರನೆಯ ದಿನ ಆ ಸದ್ದು ಏನಾಯಿತು ಎಂದು ಅದೇ ವಿದ್ಯಾರ್ಥಿಗಳಿಗೆ ಮತ್ತೆ ಕೇಳಿಸುವುದು ಹೃದ್ರೋಗ ತಜ್ಞರಿಂದ ಮಾತ್ರ ಆಗುವ ಪಾಠ. ಹಾಗೆ ಕಲಿತವರು ಮುಂದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತಾಗ ಕಿವಿಯ ಮೇಲೆ ನಂಬಿಕೆ ಇಡುತ್ತಾರೆ.

ಈ ಎಲ್ಲ ಸಂಗತಿಗಳನ್ನು ಬರೆದು ನಾನು ಡೀನ್ ಅವರಿಗೆ ಟಿಪ್ಪಣಿ ಸಲ್ಲಿಸಿದೆ. ಅವರು ಅದನ್ನು ಮೂಲೆಗೆ ತಳ್ಳದೆ ಆಡಳಿತ ಮಂಡಳಿಯ ಮುಂದಿಟ್ಟರು ಎಂಬುದನ್ನು ಕೃತಜ್ಞತೆಯಿಂದ ಹೇಳುತ್ತೇನೆ. ಈ ಸಲದ ಪ್ರಕಟಣೆಯಲ್ಲಿ ಹೃದ್ರೋಗ ತಜ್ಞರ ಎರಡು ಹುದ್ದೆಗಳಿವೆ. ಅದಕ್ಕಿಂತ ಮುಖ್ಯವಾಗಿ, ತಜ್ಞರು ಬರುವುದಕ್ಕೆ ಮೊದಲೇ ಮೂವರು ಕ್ಯಾಥ್ ಲ್ಯಾಬ್ ತಂತ್ರಜ್ಞರನ್ನು ಪಾಳಿಯ ಮೇಲೆ ನೇಮಿಸಿಕೊಂಡಿದ್ದೇವೆ. ನಾಲ್ವರು ಶುಶ್ರೂಷಕಿಯರನ್ನು ತರಬೇತಿಗೆ ಕಳುಹಿಸಿದ್ದೇವೆ. 220ಕ್ಕಿಂತ ಕಡಿಮೆಯಿಲ್ಲದಷ್ಟು ಹಾಸಿಗೆಗಳ ಸರ್ಕಾರಿ ಆಸ್ಪತ್ರೆಯಲ್ಲಿ 10 ವರ್ಷ ಕೆಲಸ ಮಾಡಿದ ಸ್ನಾತಕೋತ್ತರ ಪದವೀಧರ ತಜ್ಞರು ಸಹ ಪ್ರಾಧ್ಯಾಪಕರಾಗಬಹುದು ಎಂದು ವೈದ್ಯಕೀಯ ಆಯೋಗ 2025ರಲ್ಲಿ ನಿಯಮ ಸಡಿಲಿಸಿರುವುದರಿಂದ, ಬೋಧನೆಯ ಅನುಭವವಿಲ್ಲವೆಂದು ಹಿಂಜರಿಯುತ್ತಿದ್ದ ಹಿರಿಯರಿಗೂ ದಾರಿ ತೆರೆದೀತು ಎಂಬ ಆಸೆ ನನಗಿದೆ. ಗಂಡ ಹೆಂಡತಿ ಇಬ್ಬರೂ ವೈದ್ಯರಾಗಿದ್ದರೆ ಇನ್ನೊಬ್ಬರ ಕೆಲಸದ ವಿಚಾರವನ್ನೂ ಸಂದರ್ಶನದ ದಿನವೇ ಮಾತನಾಡಬೇಕೆಂದು ಕೇಳಿಕೊಂಡಿದ್ದೇನೆ.

ಸೀಸದ ಏಪ್ರನ್‌ಗಳನ್ನು ಪರೀಕ್ಷಿಸಿ, ಬಿರುಕು ಬಿಟ್ಟಿದ್ದ ಎರಡನ್ನು ತೆಗೆದುಹಾಕಿ, ಉಳಿದವನ್ನು ಸ್ಟ್ಯಾಂಡಿಗೆ ತೂಗುಹಾಕಿದ್ದಾರೆ. ಅರ್ಜಿ ಸಲ್ಲಿಸಲು ಇನ್ನೂ ಹನ್ನೆರಡು ದಿನಗಳಿವೆ. ಈವರೆಗೆ ಇಬ್ಬರು ದೂರವಾಣಿ ಮಾಡಿ ವಿಚಾರಿಸಿದ್ದಾರೆ. ಇಬ್ಬರೂ ಮೊದಲು ಕೇಳಿದ್ದು ರಾತ್ರಿ ಪಾಳಿಯ ತಂತ್ರಜ್ಞರ ಬಗ್ಗೆಯೇ. ಈ ಸಲ ನಾನು ಅವರ ಹೆಸರುಗಳನ್ನು ಓದಿ ಹೇಳಿದೆ.