ಆಧಾರದಲ್ಲಿರುವ ‘ಸ್ವಂತ ಇಷ್ಟ’ ಯಾರದ್ದು?

ಕಾಸರಗೋಡು, ಮಂಜೇಶ್ವರ ತಾಲೂಕಿನ ಹಿರಿಯರು ಬರೆದುಕೊಡುವ ದಾನದ ಆಧಾರಗಳಲ್ಲಿ, ಅಂದರೆ ನೋಂದಣಿಯಾಗುವ ಸ್ವತ್ತಿನ ಪತ್ರಗಳಲ್ಲಿ, ‘ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಮನಸ್ಸಿನಿಂದ’ ಎಂಬರ್ಥದ ಸಾಲೊಂದು ಸಾಮಾನ್ಯ. ಸಾಲು ಮಲಯಾಳದಲ್ಲಿ, ಕೆಳಗಿನ ಸಹಿ ಕನ್ನಡದಲ್ಲಿ. ಆಧಾರ ಬರೆಯುವವರು ರೂಢಿಯಂತೆ ಸೇರಿಸುವ ಈ ಸಾಲು ಒಪ್ಪಿಗೆಗೆ ಪುರಾವೆಯಲ್ಲ. ಸಬ್ ರಿಜಿಸ್ಟ್ರಾರ್ ಮುಂದೆ ‘ಹೌದು, ನನ್ನದೇ ಸಹಿ’ ಎಂದದ್ದೂ ಅಷ್ಟೇ. ಸಹಿ ಹಾಕಿದ್ದು ಅದರಿಂದ ಸಾಬೀತಾದೀತು, ಯಾಕೆ ಹಾಕಿದರು ಎಂಬುದಲ್ಲ.

1872ರ ಕರಾರು ಕಾಯ್ದೆಯ ಸೆಕ್ಷನ್ 13ರಂತೆ, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಒಪ್ಪಿಗೆ. ಆ ಒಪ್ಪಿಗೆ ಬಲಾತ್ಕಾರ, ಅನುಚಿತ ಪ್ರಭಾವ, ಮೋಸ, ತಪ್ಪು ನಿರೂಪಣೆ, ತಪ್ಪು ತಿಳಿವಳಿಕೆ ಈ ಐದರಿಂದ ಹುಟ್ಟಿರಬಾರದು ಎನ್ನುತ್ತದೆ ಸೆಕ್ಷನ್ 14. ಕೈ ತಾನಾಗಿಯೇ ಪೆನ್ನು ಹಿಡಿದಿರಬಹುದು, ಮನಸ್ಸು ಸ್ವತಂತ್ರವಾಗಿತ್ತೇ ಎಂಬುದು ಬೇರೆ ಪ್ರಶ್ನೆ.

ಬಲಾತ್ಕಾರದ ವ್ಯಾಖ್ಯೆ ಜನ ಅಂದುಕೊಂಡಷ್ಟು ದೊಡ್ಡದಲ್ಲ. ದಂಡಸಂಹಿತೆ ನಿಷೇಧಿಸಿದ ಕೃತ್ಯ ಅಥವಾ ಅದರ ಬೆದರಿಕೆ ಬೇಕು, ಇಲ್ಲವೇ ಸ್ವತ್ತನ್ನು ಅಕ್ರಮವಾಗಿ ತಡೆಹಿಡಿದಿರಬೇಕು. ‘ಸಹಿ ಹಾಕದಿದ್ದರೆ ಮನೆಗೆ ಬರುವುದಿಲ್ಲ’ ಎಂಬ ಮಗನ ಮಾತು ಇಲ್ಲಿಗೆ ಬರುವುದಿಲ್ಲ. ಆದರೆ ಗಂಡ ಆತ್ಮಹತ್ಯೆಯ ಬೆದರಿಕೆ ಹಾಕಿ ಹೆಂಡತಿ, ಮಗನಿಂದ ಹಕ್ಕು ಬಿಡಿಸಿಕೊಂಡದ್ದು ಬಲಾತ್ಕಾರವೇ ಎಂದು ಮದ್ರಾಸ್ ಹೈಕೋರ್ಟ್ 1917ರಲ್ಲಿ ಬಹುಮತದಿಂದ ಹೇಳಿತು. ಆಗ ಕಾಸರಗೋಡೂ ಅದೇ ಕೋರ್ಟಿನ ವ್ಯಾಪ್ತಿಯಲ್ಲಿತ್ತು.

ಮನೆಯೊಳಗೆ ಹೆಚ್ಚು ನಡೆಯುವುದು ಅನುಚಿತ ಪ್ರಭಾವ. ಹಾಸಿಗೆ ಹಿಡಿದ ತಾಯಿಗೆ ಊಟ, ಮದ್ದು ಕೊಡುವವನೇ ಆಧಾರ ಬರೆಸಿಕೊಂಡಿದ್ದರೆ ಸೆಕ್ಷನ್ 16 ನೆನಪಾಗಬೇಕು. ಮನಸ್ಸನ್ನು ಆಳುವ ಸ್ಥಾನದಲ್ಲಿದ್ದವನಿಗೆ ಸಿಕ್ಕಿದ ಲಾಭ ಮೇಲ್ನೋಟಕ್ಕೇ ಅನ್ಯಾಯವಾಗಿ ಕಂಡರೆ, ಪ್ರಭಾವ ಬೀರಿಲ್ಲ ಎಂದು ತೋರಿಸುವ ಹೊಣೆ ಅವನ ಮೇಲೆಯೇ ಬೀಳುತ್ತದೆ. ಆಧಾರ ಬರೆಯುವವರನ್ನು ಕರೆತಂದದ್ದು ಯಾರು, ಮುದ್ರಾಂಕದ ಹಣ ಯಾರದ್ದು, ಇಬ್ಬರು ಸಾಕ್ಷಿಗಳು ಯಾರ ಕಡೆಯವರು, ತಾಯಿಗೆ ಬೇರೆಯವರ ಸಲಹೆ ಸಿಕ್ಕಿತ್ತೇ ಎಂಬ ಸಣ್ಣ ಸಂಗತಿಗಳೇ ಇಲ್ಲಿ ತೂಕದವು.

ಮೋಸದಲ್ಲಿ ಎರಡು ಬಗೆ. ಪಿಂಚಣಿ ಅರ್ಜಿ ಎಂದು ನಂಬಿಸಿ ದಾನಪತ್ರಕ್ಕೆ ಸಹಿ ಹಾಕಿಸಿದರೆ ಪತ್ರ ಹುಟ್ಟುವಾಗಲೇ ಶೂನ್ಯ. ದಾನಪತ್ರವೆಂದು ಗೊತ್ತಿದ್ದು, ಅದರೊಳಗಿನ ಜಮೀನಿನಲ್ಲಿ ಮೋಸವಾಗಿದ್ದರೆ ಅದು ರದ್ದುಪಡಿಸಬಹುದಾದ ಪತ್ರ, ರದ್ದಾಗುವವರೆಗೂ ಊರ್ಜಿತ. ಈ ಗೆರೆಯನ್ನು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 1968ರ ನಿಂಗವ್ವ ಪ್ರಕರಣದಲ್ಲಿ. ಗಂಡ ಸಹಿ ಹಾಕಿಸಿಕೊಂಡ ದಾನಪತ್ರದಲ್ಲಿ, ಆಕೆ ಒಪ್ಪಿದ ಜಮೀನುಗಳ ಜೊತೆ ಒಪ್ಪದವೂ ಸೇರಿದ್ದವು. ರದ್ದತಿಗೆ ದಾವೆ ಹೂಡಲು ವಿಷಯ ತಿಳಿದಂದಿನಿಂದ ಮೂರು ವರ್ಷ. ‘ಮನೆಯ ವಿಷಯ, ನೋಡೋಣ’ ಎನ್ನುತ್ತಲೇ ಈ ಅವಧಿ ಕಳೆದುಹೋಗುತ್ತದೆ. ಅಷ್ಟರಲ್ಲಿ ವಿಷಯ ತಿಳಿಯದ ಮೂರನೆಯವರು ಬೆಲೆ ಕೊಟ್ಟು ಕೊಂಡಿದ್ದರೆ ಇನ್ನೂ ಕಷ್ಟ.

ಆದ್ದರಿಂದ ಕರಡನ್ನು ಹಿಂದಿನ ದಿನವೇ ತರಿಸಿ. ಲಾಭ ಪಡೆಯುವವರಲ್ಲದ, ಮಲಯಾಳ ಬಲ್ಲ ಒಬ್ಬರು ಕನ್ನಡದಲ್ಲೋ ತುಳುವಿನಲ್ಲೋ ಅರ್ಥ ಹೇಳಲಿ. ಮೊದಲು ತಲೆಬರಹ: ‘ಇಷ್ಟದಾನ’ವೋ (ದಾನಪತ್ರ), ‘ಧನನಿಶ್ಚಯ’ವೋ (ಸೆಟ್ಲ್‌ಮೆಂಟ್ ಪತ್ರ), ‘ಒಳಿಮುರಿ’ಯೋ (ಹಕ್ಕು ಬಿಡುವ ಪತ್ರ). ಆಮೇಲೆ ಸರ್ವೆ ನಂಬ್ರ, ಎಷ್ಟು ಸೆಂಟ್ಸ್, ಚೆಕ್ಕುಬಂದಿ. ‘ಓದಿ ಕನ್ನಡದಲ್ಲಿ ಅರ್ಥ ತಿಳಿಸಿದ್ದೇನೆ’ ಎಂದು ಓದಿದವರೇ ಹೆಸರು ಸಮೇತ ಸಹಿ ಹಾಕಲಿ.

ನೋಡಿಕೊಳ್ಳುತ್ತಾರೆಂದು ನಂಬಿ ಕೊಡುವುದಾದರೆ ಆ ಷರತ್ತು ಆಧಾರದಲ್ಲೇ ಇರಲಿ. ಹಿರಿಯ ನಾಗರಿಕರ 2007ರ ಕಾಯ್ದೆಯ ಸೆಕ್ಷನ್ 23ರಂತೆ, ಷರತ್ತು ಮುರಿದರೆ ಆ ವರ್ಗಾವಣೆ ಮೋಸದಿಂದಲೋ ಒತ್ತಡದಿಂದಲೋ ಆದದ್ದೆಂದು ಭಾವಿಸಿ ಟ್ರಿಬ್ಯೂನಲ್ ಅದನ್ನು ಶೂನ್ಯವೆನ್ನಬಹುದು. ಅಂಥ ಷರತ್ತಿಲ್ಲದೆ ಸೆಕ್ಷನ್ 23 ಅನ್ವಯಿಸದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸಿವಿಲ್ ದಾವೆಗೆ ಹೋದರೂ ‘ಮೋಸವಾಗಿದೆ’ ಎಂಬ ಒಂದು ವಾಕ್ಯ ಸಾಲದು. ಯಾರು, ಯಾವ ದಿನ, ಏನೆಂದು ನಂಬಿಸಿದರು ಎಂಬ ವಿವರ ದಾವಾಪತ್ರದಲ್ಲೇ ಇರಬೇಕೆಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 4ನೇ ನಿಯಮ.